ತಯಾರಾದ ಸರಕಿನ ವೆಚ್ಚದ ಲೆಕ್ಕವನ್ನು ಹೊರಗಿನವರಿಗೆ ವಹಿಸುವ ಮುನ್ನ: ಪೀಣ್ಯದ ಒಂದು ಘಟಕದ ಅನುಭವ

ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ಹಿತ್ತಾಳೆಯ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕವೊಂದರಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ತಯಾರಿಕಾ ವೆಚ್ಚದ ಲೆಕ್ಕವನ್ನೂ ವರ್ಷಾಂತ್ಯದ ದಾಸ್ತಾನಿನ ಬೆಲೆ ಕಟ್ಟುವ ಕೆಲಸವನ್ನೂ ನಮ್ಮ ಯಜಮಾನರು ಹೊರಗಿನ ಒಂದು ಸಲಹಾ ಸಂಸ್ಥೆಗೆ ವಹಿಸಿದ್ದರು. ಆ ಸಂಸ್ಥೆಯ ಹಾಳೆಗಳನ್ನು ನಂಬಿದ್ದರಿಂದ ನಮಗಾದ ನಷ್ಟ ಬೆಂಗಳೂರಿನ ಇನ್ನೊಂದು ಘಟಕಕ್ಕೆ ಆಗದಿರಲಿ ಎಂಬ ಕಾಳಜಿಯಿಂದ ಇದನ್ನು ಬರೆಯುತ್ತಿದ್ದೇನೆ.

ಅವರ ವಿಧಾನ ಬಹಳ ಸುಲಭವಾಗಿತ್ತು. ಟ್ಯಾಲಿ ಎಂಬ ಲೆಕ್ಕಪತ್ರ ತಂತ್ರಾಂಶದಿಂದ ತಿಂಗಳ ಒಟ್ಟು ಖರ್ಚನ್ನು ತೆಗೆದು, ಆ ತಿಂಗಳು ತಯಾರಾದ ಪೀಸುಗಳ ಸಂಖ್ಯೆಯಿಂದ ಭಾಗಿಸಿ, ಬಂದದ್ದನ್ನು ಒಂದು ಪೀಸಿನ ವೆಚ್ಚ ಎಂದು ಬರೆಯುತ್ತಿದ್ದರು. ಆ ಒಟ್ಟು ಖರ್ಚಿನೊಳಗೆ ಕಚೇರಿಯ ಬಾಡಿಗೆ, ಮಾರಾಟದ ಕಮಿಷನ್, ಗ್ರಾಹಕರಿಗೆ ಸರಕು ಕಳುಹಿಸಿದ ಸಾಗಣೆ ವೆಚ್ಚ, ಬ್ಯಾಂಕಿನ ಬಡ್ಡಿ ಎಲ್ಲವೂ ಸೇರಿದ್ದವು. ಇವು ವ್ಯಾಪಾರದ ಖರ್ಚುಗಳೇ ಹೊರತು ತಯಾರಿಕೆಯ ಖರ್ಚುಗಳಲ್ಲ; ದಾಸ್ತಾನಿನ ಮೌಲ್ಯಮಾಪನಕ್ಕೆ ಸಂಬಂಧಿಸಿದ ಲೆಕ್ಕಪತ್ರ ಮಾನದಂಡ 2ರ ಪ್ರಕಾರ ಮಾರಾಟದ ಖರ್ಚೂ, ತಯಾರಿಕೆಗೆ ಸಂಬಂಧಪಡದ ಆಡಳಿತದ ಖರ್ಚೂ ದಾಸ್ತಾನಿನ ಬೆಲೆಯಲ್ಲಿ ಸೇರುವಂತಿಲ್ಲ. ಇನ್ನೊಂದೆಡೆ, ವೆಚ್ಚದಿಂದ ಕಳೆಯಬೇಕಾದದ್ದನ್ನು ಅವರು ಕಳೆದಿರಲಿಲ್ಲ. ಹಿತ್ತಾಳೆ ರಾಡನ್ನು ಲೇಥಿಗೆ ಹಾಕಿದಾಗ ಉದುರುವ ಚೂರಿಗೆ ಒಳ್ಳೆಯ ಬೆಲೆಯಿದೆ, ಅದನ್ನು ಮಾರಿ ಬಂದ ಹಣ ಕಚ್ಚಾ ಸಾಮಗ್ರಿಯ ವೆಚ್ಚದಿಂದ ಇಳಿಯಬೇಕು. ಅದು ಅವರ ಹಾಳೆಯಲ್ಲಿ ಇತರೆ ಆದಾಯದ ಸಾಲಿನಲ್ಲಿ ಕೂತಿತ್ತು.

ನನಗೆ ಮೊದಲು ಅನುಮಾನ ಬಂದದ್ದು ಮಾರ್ಚ್ 31ರ ಹಾಳೆಯನ್ನು ನೋಡಿದಾಗ. ಅರೆತಯಾರಾದ ಸರಕಿನ ಮುಂದೆ ಸೊನ್ನೆ ಇತ್ತು. ಅದೇ ದಿನ ಶಾಪ್ ಫ್ಲೋರಿನಲ್ಲಿ ಎರಡನೇ ಆಪರೇಷನ್‌ಗೆ ಕಾಯುತ್ತಿದ್ದ ವಾಲ್ವ್ ಬಾಡಿಗಳು ಕೂಲೆಂಟ್ ಎಣ್ಣೆ ಸೋರುತ್ತಿದ್ದ ನೀಲಿ ಟ್ರೇಗಳಲ್ಲಿ, ಪ್ರತಿ ಟ್ರೇಗೂ ಜಾಬ್ ಕಾರ್ಡ್ ಸಿಕ್ಕಿಸಿಕೊಂಡು, ಗೋಡೆಯುದ್ದಕ್ಕೂ ಜೋಡಿಸಿದ್ದವು. ಇನ್ನಷ್ಟು ಮಾಲು ನಿಕಲ್ ಪ್ಲೇಟಿಂಗ್‌ಗೆಂದು ಹೊರಗೆ ಹೋಗಿತ್ತು. ನಮ್ಮ ಸೂಪರ್‌ವೈಸರ್ "ಮೇಡಂ, ಈ ಟ್ರೇಗಳಲ್ಲಿ ಇರೋದೆಲ್ಲ ಯಾವ ಲೆಕ್ಕಕ್ಕೆ ಬರುತ್ತೆ?" ಎಂದು ಕೇಳಿದರು. ಅದೇ ಪ್ರಶ್ನೆಯನ್ನು ಸಲಹಾ ಸಂಸ್ಥೆಯವರ ಮುಂದಿಟ್ಟಾಗ "ಚಿಕ್ಕ ಯೂನಿಟ್‌ಗೆ ಅಷ್ಟೆಲ್ಲ ಬೇಕಾಗಿಲ್ಲ ಮೇಡಂ" ಎಂಬ ಉತ್ತರ ಬಂತು.

ಬೇಕಾಗಿತ್ತು. ವರ್ಷದ ಆರಂಭದಲ್ಲಿದ್ದ ಅರೆತಯಾರಾದ ಸರಕಿಗೆ ಆ ಅವಧಿಯಲ್ಲಿ ಬಳಸಿದ ಸಾಮಗ್ರಿ, ನೇರ ಕೂಲಿ, ಕಾರ್ಖಾನೆಯ ಮೇಲ್ವೆಚ್ಚ (ಸಾಮಗ್ರಿ ಮತ್ತು ನೇರ ಕೂಲಿಯನ್ನು ಬಿಟ್ಟು ತಯಾರಿಕೆಗೆ ತಗಲುವ ಉಳಿದ ಖರ್ಚು) ಇವಿಷ್ಟನ್ನು ಕೂಡಿಸಿ, ಕೊನೆಯಲ್ಲಿ ಉಳಿದ ಅರೆತಯಾರಾದ ಸರಕನ್ನು ಕಳೆದರೆ ಮಾತ್ರ ತಯಾರಾದ ಸರಕಿನ ವೆಚ್ಚ ಸಿಗುತ್ತದೆ. ಕೊನೆಯ ಮೊತ್ತವನ್ನು ಸೊನ್ನೆ ಮಾಡಿದರೆ, ಟ್ರೇಯಲ್ಲಿ ಅರ್ಧಕ್ಕೆ ನಿಂತಿರುವ ಕೆಲಸದ ಖರ್ಚೆಲ್ಲ ಮುಗಿದ ಪೀಸುಗಳ ತಲೆಯ ಮೇಲೆ ಬೀಳುತ್ತದೆ. 1,000 ಪೀಸುಗಳ ಕೆಲಸ ಶೇ 40ರಷ್ಟು ಆಗಿದ್ದರೆ, ಕೂಲಿ ಮತ್ತು ಮೇಲ್ವೆಚ್ಚದ ಮಟ್ಟಿಗೆ ಅದನ್ನು 400 ಪೂರ್ಣ ಪೀಸುಗಳೆಂದು ಹಿಡಿಯಬೇಕು. ರಾಡ್ ಮೊದಲೇ ಬಳಕೆಯಾಗಿರುವುದರಿಂದ ಸಾಮಗ್ರಿಯ ಮಟ್ಟಿಗೆ 1,000 ಎಂದೇ ಹಿಡಿಯಬೇಕು.

ಕೆಲಸ ಕಡಿಮೆ ಇದ್ದ ತಿಂಗಳುಗಳಲ್ಲಿ ನಡೆದದ್ದು ಇದಕ್ಕಿಂತ ಕೆಟ್ಟದ್ದು. ತಿಂಗಳ ಸ್ಥಿರ ಮೇಲ್ವೆಚ್ಚ (ತಯಾರಿಕೆ ಹೆಚ್ಚಿದರೂ ಕಡಿಮೆಯಾದರೂ ಬದಲಾಗದ್ದು) ₹5,00,000, ಸಾಮಾನ್ಯ ಸಾಮರ್ಥ್ಯ (ಮಾಮೂಲಿ ಸ್ಥಿತಿಯಲ್ಲಿ ಸರಾಸರಿ ತಯಾರಾಗುವಷ್ಟು) 10,000 ಪೀಸು ಎಂದಿಟ್ಟುಕೊಳ್ಳಿ. ಒಂದು ಪೀಸಿಗೆ ₹50 ಬೀಳುತ್ತದೆ. ಆರ್ಡರ್ ಇಲ್ಲದೆ 5,000 ಪೀಸು ಮಾತ್ರ ತಯಾರಾದರೆ ಅವರ ವಿಧಾನದಲ್ಲಿ ಪೀಸಿಗೆ ₹100 ಆಗುತ್ತದೆ. ಅದರಲ್ಲಿ 2,000 ಪೀಸು ಮಾರಾಟವಾಗದೆ ಉಳಿದರೆ, ₹1,00,000ದ ಬದಲು ₹2,00,000 ಮೇಲ್ವೆಚ್ಚ ದಾಸ್ತಾನಿನಲ್ಲಿ ಸೇರಿ, ಇಲ್ಲದ ₹1,00,000 ಲಾಭ ಕಾಣಿಸಿಕೊಳ್ಳುತ್ತದೆ. ಮಾನದಂಡದಂತೆ ಸ್ಥಿರ ಮೇಲ್ವೆಚ್ಚವನ್ನು ಸಾಮಾನ್ಯ ಸಾಮರ್ಥ್ಯದ ಆಧಾರದ ಮೇಲೆ ಹಂಚಬೇಕು, ಯಂತ್ರ ಸುಮ್ಮನೆ ನಿಂತದ್ದರಿಂದ ಹಂಚಿಕೆಯಾಗದೆ ಉಳಿದದ್ದನ್ನು ಆ ಅವಧಿಯ ಖರ್ಚೆಂದೇ ತೋರಿಸಬೇಕು. ಹೀಗೆ ಒಂದು ತಪ್ಪು ಲಾಭವನ್ನು ಹಿಗ್ಗಿಸಿದರೆ ಅರೆತಯಾರಾದ ಸರಕನ್ನು ಬಿಟ್ಟ ತಪ್ಪು ಲಾಭವನ್ನು ಕುಗ್ಗಿಸುತ್ತಿತ್ತು. ಆದ್ದರಿಂದ ಕೊನೆಯ ಮೊತ್ತ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತಿತ್ತು, ಯಜಮಾನರೂ ಅದನ್ನು ನಂಬಿದರು.

ಬೆಲೆ ಕೋಟ್ ಮಾಡುವಾಗ ಬಿದ್ದ ಪೆಟ್ಟು ಎಲ್ಲಕ್ಕಿಂತ ದೊಡ್ಡದು. ಸಿಎನ್‌ಸಿ ಎಂಬ ಕಂಪ್ಯೂಟರ್ ನಿಯಂತ್ರಿತ ಯಂತ್ರದಲ್ಲಿ ಒಂದು ವಾಲ್ವ್ ಬಾಡಿಗೆ 9 ನಿಮಿಷ, ಸಣ್ಣ ಪಿನ್ನಿಗೆ 45 ಸೆಕೆಂಡು ಹಿಡಿಯುತ್ತದೆ. ಯಂತ್ರದ ಗಂಟೆಯ ದರವನ್ನು ₹480 ಎಂದು ಹಿಡಿದರೆ ವಾಲ್ವ್ ಬಾಡಿಗೆ ₹72, ಪಿನ್ನಿಗೆ ₹6 ಮೇಲ್ವೆಚ್ಚ ಬೀಳಬೇಕು. 1,000 ಬಾಡಿ ಮತ್ತು 2,000 ಪಿನ್ನಿನ ಒಟ್ಟು ₹84,000ವನ್ನು 3,000 ಪೀಸುಗಳಿಗೆ ಸಮನಾಗಿ ಹಂಚಿದಾಗ ಎರಡಕ್ಕೂ ₹28 ಬರುತ್ತದೆ. ಇಂಥ ಹಾಳೆಯನ್ನು ಮುಂದಿಟ್ಟುಕೊಂಡು ಕೋಟ್ ಮಾಡಿದ್ದರಿಂದ ನಮ್ಮ ಪಿನ್ ದುಬಾರಿಯೆಂದು ಹಳೆಯ ಗ್ರಾಹಕರೊಬ್ಬರು ಬೇರೆಡೆಗೆ ಹೋದರು, ಬಾಡಿಯ ಆರ್ಡರುಗಳು ಮಾತ್ರ ಒಂದರ ಹಿಂದೊಂದು ಬಂದವು. ಆಪರೇಟರುಗಳು ಎರಡು ಪಾಳಿಯಲ್ಲಿ ಬೆವರು ಸುರಿಸಿ ದುಡಿದ ಆ ಆರ್ಡರುಗಳಲ್ಲಿ ಪ್ರತಿ ಪೀಸಿಗೂ ನಷ್ಟವಿತ್ತು ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಕೊನೆಗೆ ಎಲ್ಲವೂ ಹೊರಬಿದ್ದದ್ದು ಬ್ಯಾಂಕಿನ ಸ್ಟಾಕ್ ಆಡಿಟ್‌ನಲ್ಲಿ. ನಾವು ತಿಂಗಳು ತಿಂಗಳು ಕೊಡುತ್ತಿದ್ದ ಸ್ಟಾಕ್ ಸ್ಟೇಟ್‌ಮೆಂಟ್ ಇದೇ ಹಾಳೆಯಿಂದ ತಯಾರಾಗುತ್ತಿತ್ತು. ದಾಸ್ತಾನಿಗೆ ವೆಚ್ಚ ಅಥವಾ ಮಾರಿದರೆ ನಿವ್ವಳವಾಗಿ ಸಿಗುವ ಬೆಲೆ, ಇವೆರಡರಲ್ಲಿ ಕಡಿಮೆಯಾದದ್ದನ್ನೇ ಕಟ್ಟಬೇಕು. ಆ ಕಣ್ಣಿನಿಂದ ನೋಡಿದ ಆಡಿಟರ್ ಹೆಚ್ಚಿನ ಮೊತ್ತವನ್ನು ಕಡಿತಗೊಳಿಸಿದರು. ಡ್ರಾಯಿಂಗ್ ಪವರ್ (ದಾಸ್ತಾನಿನ ಆಧಾರದ ಮೇಲೆ ಬ್ಯಾಂಕಿನಿಂದ ತೆಗೆಯಬಹುದಾದ ಸಾಲದ ಮಿತಿ) ಇಳಿಯಿತು, ರಾಡ್ ಪೂರೈಸುವವರಿಗೆ ಕೊಡಬೇಕಾದ ಹಣ ತಡವಾಯಿತು. ಸಲಹಾ ಸಂಸ್ಥೆಯವರು ತಮ್ಮ ಶುಲ್ಕವನ್ನು ಅಷ್ಟರೊಳಗೆ ಪಡೆದಾಗಿತ್ತು.

ಕಂಪನಿ ಕಾಯ್ದೆ 2013ರ 148ನೇ ಕಲಮಿನಡಿಯ ವೆಚ್ಚ ದಾಖಲೆಯ ನಿಯಮಗಳು ನಿಗದಿತ ಉದ್ಯಮಗಳಲ್ಲಿ ₹35 ಕೋಟಿ ಅಥವಾ ಹೆಚ್ಚಿನ ವಹಿವಾಟಿರುವ ಕಂಪನಿಗಳಿಗೆ ಅನ್ವಯಿಸುತ್ತವೆ. ನಮ್ಮಂಥ ಘಟಕಗಳು ಅದರಿಂದ ಹೊರಗಿರುವ ಕಾರಣ, ಈ ಹಾಳೆಗಳನ್ನು ಪ್ರಶ್ನಿಸಬೇಕಾದವರು ಘಟಕದವರೇ. ಯಾರನ್ನೇ ನೇಮಿಸಿಕೊಳ್ಳಿ, ಸಾಮಾನ್ಯ ಸಾಮರ್ಥ್ಯವನ್ನು ಹೇಗೆ ನಿರ್ಧರಿಸಿದ್ದೀರಿ, ಮೇಲ್ವೆಚ್ಚವನ್ನು ಪೀಸಿನ ಮೇಲೆ ಹಂಚುತ್ತೀರೋ ಯಂತ್ರದ ಗಂಟೆಯ ಮೇಲೋ, ಜಿಎಸ್‌ಟಿ ಕ್ರೆಡಿಟ್ ಸಿಗುವ (ಮಾರಾಟದ ಮೇಲಿನ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದಾದ) ತೆರಿಗೆಯನ್ನು ಖರೀದಿ ಬೆಲೆಯಿಂದ ಬಿಟ್ಟಿದ್ದೀರಾ ಎಂದು ಲಿಖಿತವಾಗಿ ಕೇಳಿ. ಉತ್ತರ ಬಾರದಿದ್ದರೆ ಅವರಿಗೆ ಕೆಲಸ ಕೊಡಬೇಡಿ.

ಈಗಾಗಲೇ ಇಂಥ ಹಾಳೆ ನಿಮ್ಮ ಕಡತದಲ್ಲಿದ್ದರೆ ಮುಂದಿನ ವರ್ಷಕ್ಕೆ ಬಿಡಬೇಡಿ, ಏಕೆಂದರೆ ಈ ವರ್ಷದ ಕೊನೆಯ ದಾಸ್ತಾನೇ ಮುಂದಿನ ವರ್ಷದ ಆರಂಭಿಕ ದಾಸ್ತಾನು. ಮೊದಲು ಜಾಬ್ ವರ್ಕಿಗೆ (ಪ್ಲೇಟಿಂಗ್‌ನಂಥ ಕೆಲಸ ಮಾಡಿಸಲು ಹೊರಗಿನವರ ಬಳಿಗೆ) ಹೋದ ಮಾಲನ್ನು ಡೆಲಿವರಿ ಚಲನ್‌ಗಳೊಂದಿಗೆ ತಾಳೆ ನೋಡಿ. ಜಿಎಸ್‌ಟಿ ಕಾಯ್ದೆಯಂತೆ ಹಾಗೆ ಕಳುಹಿಸಿದ ಸಾಮಗ್ರಿ ಒಂದು ವರ್ಷದೊಳಗೆ ಮರಳಬೇಕು ಅಥವಾ ಅಲ್ಲಿಂದಲೇ ಮಾರಾಟವಾಗಬೇಕು. ಇಲ್ಲವಾದರೆ ಕಳುಹಿಸಿದ ದಿನವೇ ಪೂರೈಕೆ ಆಯಿತೆಂದು ಪರಿಗಣಿಸಿ ತೆರಿಗೆ ಬೀಳುತ್ತದೆ. ನಮ್ಮ ಅರೆತಯಾರಾದ ಸರಕಿನಲ್ಲಿ ಲೆಕ್ಕದಿಂದ ಪೂರ್ತಿಯಾಗಿ ಬಿಟ್ಟುಹೋಗಿದ್ದ ದೊಡ್ಡ ಪಾಲು ಸಿಕ್ಕಿದ್ದು ಪ್ಲೇಟಿಂಗ್‌ನವರ ಆ ಚಲನ್ ಪುಸ್ತಕದಲ್ಲೇ.