ಬೆನ್ನ ಕಡೆ ಬಾಯಿರುವ ಕ್ಯಾಮೆರಾ ಬ್ಯಾಗ್: ಆರು ಮಳೆಗಾಲದ ನಂತರ

ಈ ಬ್ಯಾಗನ್ನು ಕೊಂಡದ್ದು 2019ರ ಮೇ ತಿಂಗಳಲ್ಲಿ, ಮಳೆ ಹಿಡಿಯಲು ಇನ್ನು ಮೂರು ವಾರ ಇರುವಾಗ. ಆಗ ಕೊಟ್ಟದ್ದು ಎಂಟೂವರೆ ಸಾವಿರ ರೂಪಾಯಿ. ಬರೀ ಒಂದು ಚೀಲಕ್ಕೆ ಇಷ್ಟು ದುಡ್ಡೇ ಎಂದು ಮನೆಯಲ್ಲಿ ಎಲ್ಲರೂ ಕೇಳಿದ್ದರು. ಮೊನ್ನೆ ತಂಗಿಯ ಮಗ ಹೊಸ ಕ್ಯಾಮೆರಾ ತೆಗೆದುಕೊಂಡು, "ಮಾವ, ಬ್ಯಾಗ್ ಯಾವುದು ತಗೊಳ್ಳಲಿ?" ಎಂದು ಫೋನ್ ಮಾಡಿದ. ಅವನಿಗೆ ಹೇಳುತ್ತಾ ಹೋದಂತೆ ಮುಕ್ಕಾಲು ಗಂಟೆ ಆಯಿತು. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ಕಂಪನಿಯ ಹೆಸರು ಬೇಕಂತಲೇ ಬಿಟ್ಟಿದ್ದೇನೆ. ಆ ಮಾದರಿ ಈಗ ಅಂಗಡಿಯಲ್ಲಿ ಇಲ್ಲ, ಮತ್ತು ನಾನು ಹೇಳಹೊರಟಿರುವುದು ಬ್ಯಾಗಿನ ಬಗೆಯ ಬಗ್ಗೆ.

ಮೊದಲು ನನ್ನ ಬಳಕೆ ಹೇಳಬೇಕು, ಇಲ್ಲದಿದ್ದರೆ ನನ್ನ ಅಭಿಪ್ರಾಯಕ್ಕೆ ಬೆಲೆಯಿಲ್ಲ. ನಮ್ಮದು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಆಗುಂಬೆ ಸುತ್ತಮುತ್ತ ಕಪ್ಪೆಗಳ ಫೋಟೊ, ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಬೆಳ್ಳಕ್ಕಿಗಳು, ಬೇಸಿಗೆಯಲ್ಲಿ ಭದ್ರಾ ಹಿನ್ನೀರಿನ ರೀವಾ (ಟರ್ನ್) ಹಕ್ಕಿಗಳು, ಚಳಿಗಾಲದಲ್ಲಿ ಯಕ್ಷಗಾನದ ರಾತ್ರಿಗಳು. ಸಾಮಾನು: ನಿಕಾನ್ ಡಿ500 ಬಾಡಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ), ದೂರದ ಹಕ್ಕಿಗಳಿಗೆ 200-500 ಎಂಎಂ ಲೆನ್ಸ್, ಚಿಕ್ಕದಾದ 16-80 ಎಂಎಂ ಲೆನ್ಸ್, ತೀರ ಹತ್ತಿರದಿಂದ ತೆಗೆಯಲು ಒಂದು ಮ್ಯಾಕ್ರೊ ಲೆನ್ಸ್, ಒಂದು ಫ್ಲಾಶ್. ಎಲ್ಲವನ್ನೂ ಒಟ್ಟಿಗೆ ಒಯ್ಯುವುದು ಅಪರೂಪ.

ಈಗ ಮುಖ್ಯ ವಿಷಯ. ಬ್ಯಾಗ್ ಕೊಳ್ಳುವಾಗ ಎಲ್ಲರೂ ಎಷ್ಟು ಲೆನ್ಸ್ ಹಿಡಿಯುತ್ತದೆ ಎಂದು ನೋಡುತ್ತಾರೆ. ನಾನೂ 2014ರಲ್ಲಿ ಮೊದಲ ಬ್ಯಾಗ್ ಕೊಂಡಾಗ ನೋಡಿದ್ದು ಅದನ್ನೇ. ನೋಡಬೇಕಾದದ್ದು ಬ್ಯಾಗಿನ ಬಾಯಿ ಯಾವ ಕಡೆಗಿದೆ ಎಂಬುದನ್ನು. ಸಾಮಾನ್ಯ ಬ್ಯಾಕ್‌ಪ್ಯಾಕಿನ ಬಾಯಿ ಹೊರಮೈಯಲ್ಲಿ ಇರುತ್ತದೆ. ತೆರೆಯಬೇಕೆಂದರೆ ಬೆನ್ನಿಗೆ ತಾಗುವ ಮೈಯನ್ನು, ಭುಜದ ಪಟ್ಟಿಗಳನ್ನು ಕೆಳಗೆ ಮಾಡಿ ನೆಲದ ಮೇಲೆ ಮಲಗಿಸಬೇಕು. ಜುಲೈ ತಿಂಗಳ ಮಲೆನಾಡಿನಲ್ಲಿ ನೆಲ ಎಂದರೆ ಕೆಸರು, ಕೊಳೆತ ಎಲೆ, ಅದರೊಳಗೆ ಇಂಬಳ. ಫೋಟೊ ತೆಗೆದು ಮತ್ತೆ ಬ್ಯಾಗ್ ಏರಿಸಿದರೆ ಆ ಕೆಸರೆಲ್ಲ ನಮ್ಮ ಅಂಗಿಗೆ, ಇಂಬಳ ಕುತ್ತಿಗೆಗೆ. ನನ್ನ ಹಳೆಯ ಬ್ಯಾಗಿನಲ್ಲಿ ಐದು ವರ್ಷ ಅನುಭವಿಸಿದ್ದು ಇದನ್ನೇ. ಕಡೆಕಡೆಗೆ ಬ್ಯಾಗ್ ಬಿಚ್ಚಲು ಬೇಸರವಾಗಿ, ಎದುರಿಗೆ ಕಪ್ಪೆ ಕುಳಿತಿದ್ದರೂ ಮುಂದೆ ಹೋದದ್ದುಂಟು.

ಈಗಿನ ಬ್ಯಾಗಿನ ಬಾಯಿ ಬೆನ್ನಿಗೆ ತಾಗುವ ಮೈಯಲ್ಲೇ ಇದೆ. ಹೊರಮೈ ಕೆಳಗಾಗಿ ಮಲಗಿಸಿದರೆ ಕೆಸರು ಆ ಮೈಗೆ ಮಾತ್ರ. ನನ್ನ ಬೆನ್ನಿಗೆ ತಾಗುವ ಭಾಗ ಮೇಲೆ, ಚೊಕ್ಕವಾಗಿ ಉಳಿಯುತ್ತದೆ. ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿದೆ, ಅದು ನನಗೆ ಗೊತ್ತಾದದ್ದು ಒಂದು ವರ್ಷದ ನಂತರ. ಸೊಂಟದ ಪಟ್ಟಿಯನ್ನು ಬಿಗಿಯಾಗಿ ಇಟ್ಟುಕೊಂಡು ಭುಜದ ಪಟ್ಟಿಗಳಿಂದ ಕೈ ಬಿಡಿಸಿಕೊಂಡರೆ, ಇಡೀ ಬ್ಯಾಗನ್ನು ಸೊಂಟದ ಸುತ್ತ ಹೊಟ್ಟೆಯ ಕಡೆಗೆ ತಿರುಗಿಸಬಹುದು. ಬಾಯಿ ಈಗ ನಮ್ಮ ಎದುರಿಗೆ, ಒಂದು ಸಣ್ಣ ಮೇಜಿನಂತೆ. ನೆಲಕ್ಕೆ ಇಡುವ ಪ್ರಶ್ನೆಯೇ ಇಲ್ಲ. ಭದ್ರಾ ಹಿನ್ನೀರಿನ ಲಕ್ಕವಳ್ಳಿಯಲ್ಲಿ ದೋಣಿಯೊಳಗೆ ಕಾಲಡಿ ನೀರು ನಿಂತಿರುವಾಗ ಲೆನ್ಸ್ ಬದಲಿಸಿದ್ದು ಹೀಗೆಯೇ. ಆಗುಂಬೆಯ ಹಳ್ಳದ ನಡುವೆ, ಮೊಣಕಾಲು ಮಟ್ಟದ ನೀರಿನಲ್ಲಿ, ಕೊಡೆ ಹಿಡಿಯಲು ಒಬ್ಬ ಗೆಳೆಯ ಜೊತೆಗಿದ್ದಾಗ ಫ್ಲಾಶ್ ಹೊರತೆಗೆದದ್ದೂ ಹೀಗೆಯೇ. ಬಸ್ಸಿನಲ್ಲಿ, ಜಾತ್ರೆಯ ಜನಜಂಗುಳಿಯಲ್ಲಿ ಮತ್ತೊಂದು ಧೈರ್ಯ: ಬಾಯಿ ನನ್ನ ಬೆನ್ನಿಗೆ ಒತ್ತಿಕೊಂಡಿರುವುದರಿಂದ ಹಿಂದೆ ನಿಂತವರು ಜಿಪ್ ಎಳೆಯಲಾರರು.

ಇದಕ್ಕೊಂದು ಕೊರತೆಯೂ ಇದೆ. ಹಕ್ಕಿ ತಟ್ಟನೆ ಬಂದು ಕೂತರೆ ಎರಡು ಸೆಕೆಂಡಿನಲ್ಲಿ ಕ್ಯಾಮೆರಾ ಹೊರಗೆ ಬರುವುದಿಲ್ಲ. ಪಕ್ಕದ ಜಿಪ್ಪಿನಿಂದ ತೆಗೆಯುವ ಬ್ಯಾಗುಗಳು ಅದಕ್ಕೆ ಹೆಚ್ಚು ಒಗ್ಗುತ್ತವೆ. ಆದರೆ 200-500ರಂಥ ಉದ್ದದ ಲೆನ್ಸ್ ಪಕ್ಕದ ಕಿಂಡಿಯಿಂದ ಹೊರಬರುವುದು ಕಷ್ಟ. ಹಕ್ಕಿ ಹುಡುಕಿ ನಡೆಯುವಾಗ ಕ್ಯಾಮೆರಾ ಕೈಯಲ್ಲೇ ಇರಬೇಕು, ಬ್ಯಾಗಿನಲ್ಲಲ್ಲ.

ಅಳತೆಯ ಬಗ್ಗೆ ಒಂದು ಮಾತು. ಲೀಟರ್ ಲೆಕ್ಕವನ್ನು ನಂಬಿ ಕೊಳ್ಳಬೇಡಿ. 25 ಲೀಟರ್ ಎಂದು ಬರೆದಿದ್ದರೆ ಅದರಲ್ಲಿ ಹೊರಗಿನ ಜೇಬುಗಳೂ ಸೇರಿರಬಹುದು. ಟೇಪು ಹಿಡಿದು ಒಳಗಿನ ಉದ್ದ ಅಳೆಯಿರಿ. 200-500 ಲೆನ್ಸ್ ಪೂರ್ತಿ ಒಳಸರಿಸಿದಾಗ 26.75 ಸೆಂಟಿಮೀಟರ್, ಡಿ500ರ ದಪ್ಪ ಎಂಟು ಸೆಂಟಿಮೀಟರಿಗೂ ತುಸು ಹೆಚ್ಚು. ಬಾಡಿಗೆ ಜೋಡಿಸಿಯೇ ಇಡುವುದಾದರೆ 35 ಸೆಂಟಿಮೀಟರ್ ಆಯಿತು, ಮೇಲೆ ಎರಡು ಬೆರಳು ಜಾಗ ಬೇಕು. ಜೋಡಿಸಿಯೇ ಇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಮಳೆಯಲ್ಲಿ, ಧೂಳಿನಲ್ಲಿ ಲೆನ್ಸ್ ಬಿಚ್ಚಿ ಹಾಕಿ ಮಾಡಿದಷ್ಟೂ ಸೆನ್ಸರಿಗೆ ಕಸ.

ತೂಕವನ್ನು ಯಾರೂ ಕೇಳುವುದಿಲ್ಲ, ಕೇಳಬೇಕು. ನನ್ನ ಬ್ಯಾಗ್ ಖಾಲಿಯೇ 1.9 ಕಿಲೋ. ಬಾಡಿ 860 ಗ್ರಾಂ, ದೊಡ್ಡ ಲೆನ್ಸ್ 2.3 ಕಿಲೋ, 16-80 ಲೆನ್ಸ್ 480 ಗ್ರಾಂ. ಇಷ್ಟಕ್ಕೇ ಐದೂವರೆ ಕಿಲೋ ಆಯಿತು. ಲ್ಯಾಪ್‌ಟಾಪ್, ಚಾರ್ಜರ್ ಸೇರಿದರೆ ವಿಮಾನದ ಕೈಚೀಲಕ್ಕೆ ನಮ್ಮ ದೇಶದೊಳಗೆ ಸಾಮಾನ್ಯವಾಗಿ ಇರುವ 7 ಕಿಲೋ ಮಿತಿ ದಾಟುತ್ತದೆ. ಹಾಗೆಂದು ಹೆಚ್ಚುವರಿ ಬ್ಯಾಟರಿಗಳನ್ನು ದೊಡ್ಡ ಸೂಟ್‌ಕೇಸಿಗೆ ಹಾಕುವಂತಿಲ್ಲ, ಲಿಥಿಯಂ ಬ್ಯಾಟರಿ ಬಿಡಿಯಾಗಿದ್ದರೆ ಕೈಚೀಲದಲ್ಲೇ ಇರಬೇಕೆಂಬುದು ನಿಯಮ. ದೆಹಲಿಗೆ ಹೋಗುವಾಗ ಚಿಕ್ಕ ಲೆನ್ಸನ್ನು ಜಾಕೆಟ್ಟಿನ ಜೇಬಿಗೆ ಹಾಕಿಕೊಂಡೆ. ಈಗ ಕೊಳ್ಳುವುದಾದರೆ ಒಂದೂವರೆ ಕಿಲೋ ಒಳಗಿನ ಬ್ಯಾಗನ್ನೇ ಹುಡುಕುತ್ತೇನೆ.

ಹೊರುವ ವಿಷಯದಲ್ಲಿ ಸೊಂಟದ ಪಟ್ಟಿಯೇ ಎಲ್ಲ. ಕತ್ತು ಬಗ್ಗಿಸಿದಾಗ ಹಿಂದೆ ಎದ್ದು ಕಾಣುವ ಮೂಳೆಯಿಂದ ಸೊಂಟದ ಎಲುಬಿನ ಮೇಲಂಚಿನವರೆಗೆ ಬೆನ್ನಿನ ಉದ್ದ ಎಷ್ಟಿದೆ ನೋಡಿಕೊಳ್ಳಿ. ಬ್ಯಾಗಿನ ಪಟ್ಟಿ ಆ ಎಲುಬಿನ ಮೇಲೆ ಕೂರಬೇಕು. ಹೊಟ್ಟೆಯ ಮೇಲೆ ಕೂತರೆ ಅದು ಅಲಂಕಾರಕ್ಕೆ ಮಾತ್ರ, ಭಾರವೆಲ್ಲ ಭುಜಕ್ಕೇ. ಅಂಗಡಿಯಲ್ಲಿ ಖಾಲಿ ಬ್ಯಾಗ್ ಹಾಕಿ ನೋಡಿದರೆ ಏನೂ ತಿಳಿಯದು. ನಿಮ್ಮ ಸಾಮಾನನ್ನೇ ಒಯ್ದು, ತುಂಬಿಸಿ, ಹತ್ತು ನಿಮಿಷ ಅಂಗಡಿಯೊಳಗೇ ಓಡಾಡಿ. ನಾನು ಹಾಗೆ ಮಾಡಿದ್ದಕ್ಕೆ ಅಂಗಡಿಯವರೇನೂ ಬೇಸರ ಮಾಡಲಿಲ್ಲ.

ಆರು ವರ್ಷದಲ್ಲಿ ಏನೇನು ಕೆಟ್ಟಿತು? ಬಟ್ಟೆ ಕೆಟ್ಟಿಲ್ಲ. 1000 ಡೆನಿಯರ್ ನೈಲಾನ್. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್, ಸಂಖ್ಯೆ ಹೆಚ್ಚಿದಷ್ಟೂ ನೂಲು ದಪ್ಪ. ಬಿದಿರುಮೆಳೆ, ಬೆತ್ತದ ಮುಳ್ಳು, ಜೀಪಿನ ಕಬ್ಬಿಣದ ಅಂಚು ಎಲ್ಲವನ್ನೂ ಉಜ್ಜಿಕೊಂಡು ಬಂದರೂ ಒಂದೂ ಹರುಕಿಲ್ಲ.

ಜಿಪ್ ನಾಲ್ಕನೇ ವರ್ಷ ಕೈಕೊಟ್ಟಿತು. ಎಳೆದರೆ ಹಿಂದೆಯೇ ಬಾಯಿ ಬಿಡುತ್ತಿತ್ತು. ಇಡೀ ಜಿಪ್ ಹೋಯಿತೆಂದು ಬೇಸರದಿಂದ ಪೇಟೆಯಲ್ಲಿ ಬ್ಯಾಗ್ ರಿಪೇರಿ ಮಾಡುವವರ ಹತ್ತಿರ ಒಯ್ದೆ. ಅವರು ಬೆರಳಲ್ಲಿ ಸವರಿ ನೋಡಿ, "ಜಿಪ್ಪು ಗಟ್ಟಿ ಇದೆ ಸಾರ್, ರನ್ನರ್ ಸವೆದಿದೆ ಅಷ್ಟೇ" ಎಂದರು. ಎರಡು ರನ್ನರ್ ಬದಲಿಸಿ ಅರವತ್ತು ರೂಪಾಯಿ ತೆಗೆದುಕೊಂಡರು. ಮೇಣದಬತ್ತಿಯ ತುಂಡನ್ನು ತಿಂಗಳಿಗೊಮ್ಮೆ ಹಲ್ಲುಗಳ ಮೇಲೆ ಉಜ್ಜಿ ಎಂದು ಹೇಳಿಕೊಟ್ಟವರೂ ಅವರೇ. ಬೇಸಿಗೆಯ ಸಫಾರಿಯ ಕೆಂಧೂಳು ಹಲ್ಲಿನಲ್ಲಿ ಕೂತು ರನ್ನರನ್ನು ಅರದಂತೆ ತಿನ್ನುತ್ತದೆ. ಹಾಗಾಗಿ ಮೊದಲು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಧೂಳು ತೆಗೆಯಬೇಕು, ಆಮೇಲೆ ಮೇಣ. ಅಂದಿನಿಂದ ಇಂದಿನವರೆಗೆ ತೊಂದರೆಯಿಲ್ಲ.

ರೇನ್ ಕವರಿನ ಕತೆ ಬೇರೆ. ಮೂರನೇ ಮಳೆಗಾಲಕ್ಕೆ ಅದರ ಒಳಮೈ ಅಂಟಂಟಾಯಿತು, ನಾಲ್ಕನೆಯದಕ್ಕೆ ಬಿಳಿ ಹೊಟ್ಟಿನಂತೆ ಉದುರತೊಡಗಿತು. ನೀರು ತಡೆಯುವುದು ಆ ಪಾಲಿಯುರೆಥೇನ್ ಲೇಪನವೇ, ಬಟ್ಟೆಯಲ್ಲ. ತೇವದಲ್ಲಿ ಮಡಚಿಟ್ಟರೆ ನೀರಿನಂಶವೇ ಆ ಲೇಪನವನ್ನು ನಿಧಾನವಾಗಿ ಒಡೆಯುತ್ತದೆ. ನಾನು ಮಾಡಿದ ತಪ್ಪು ಅದೇ: ಮನೆಗೆ ಬಂದವನೇ ಒದ್ದೆ ಕವರನ್ನು ಬ್ಯಾಗಿನ ತಳದ ಜೇಬಿಗೆ ತುರುಕುತ್ತಿದ್ದೆ. ಕಂಪನಿಗೆ ಬರೆದರೆ ಬಿಡಿ ಕವರ್ ಇಲ್ಲ ಎಂದರು. ಇನ್ನೂರೈವತ್ತು ರೂಪಾಯಿಗೆ ಟ್ರೆಕ್ಕಿಂಗಿನ ಸಾಧಾರಣ ಕವರ್ ತಂದೆ, ಅದನ್ನು ಹೊಡಸಲಿನ (ಮಳೆಗಾಲದಲ್ಲಿ ಬೆಂಕಿ ಹಾಕುವ ಒಲೆಗುಂಡಿ) ಮೇಲಿನ ಹಗ್ಗಕ್ಕೆ ಹಾಕಿ ಒಣಗಿಸಿಯೇ ಮಡಚುತ್ತೇನೆ. ಇನ್ನೊಂದು ಮಾತು, ಕವರ್ ಎಷ್ಟೇ ಒಳ್ಳೆಯದಿದ್ದರೂ ಬೆನ್ನ ಕಡೆ ಬಟ್ಟೆ ಬಯಲೇ. ನಮ್ಮ ಬೆನ್ನ ಮೇಲೆ ಇಳಿದ ನೀರು ಅಲ್ಲಿಂದ ಒಳಗೆ ಹೀರಿಕೊಳ್ಳುತ್ತದೆ, ಈ ಬಗೆಯ ಬ್ಯಾಗಿನಲ್ಲಿ ಜಿಪ್ಪೂ ಅಲ್ಲೇ ಇದೆ. 2019ರ ಆಗಸ್ಟಿನ ಆ ಮಹಾಮಳೆಯಲ್ಲಿ ಒಂದು ಕಿಲೋಮೀಟರ್ ನಡೆದು ಬಂದಾಗ ಒಳಗಿನ ಫೋಮ್ ಅಂಚಿನಲ್ಲಿ ತೇವವಾಗಿತ್ತು. ಅಂಥ ಮಳೆಗೆ ಬ್ಯಾಗ್ ಸಮೇತ ಮೈ ಮುಚ್ಚುವ ಪೊಂಚೊ ಬೇಕು. ನಮ್ಮ ಹಿರಿಯರು ಬೆನ್ನು ಮುಚ್ಚುವ ಎಲೆಯ ಗೊರಬು ಹೊದ್ದು ಗದ್ದೆಗೆ ಇಳಿಯುತ್ತಿದ್ದುದು ಸುಮ್ಮನೆ ಅಲ್ಲ.

ಉಳಿದವು ಸಣ್ಣವು. ಎದೆಪಟ್ಟಿಯ ಬಕಲ್ ಒಡೆಯಿತು, ನೀರಿನ ಬಾಟಲಿಯ ಬಲೆಜೇಬು ಹರಿಯಿತು. ಒಳಗಿನ ಡಿವೈಡರುಗಳ ವೆಲ್ಕ್ರೊ ಇನ್ನೂ ಗಟ್ಟಿ, ಆದರೆ ಆ ಚರ್ರೆನ್ನುವ ಸದ್ದು ನನಗೆ ಆಗದು. ಹೊರಗಿನ ಮುಚ್ಚಳಕ್ಕೆ ವೆಲ್ಕ್ರೊ ಇರುವ ಬ್ಯಾಗನ್ನು ಹಕ್ಕಿ ನೋಡುವವರು ಕೊಳ್ಳಲೇಬೇಡಿ.

ಯಕ್ಷಗಾನಕ್ಕೆ ಮಾತ್ರ ಈ ಬ್ಯಾಗ್ ಒಯ್ಯುವುದನ್ನು ಬಿಟ್ಟಿದ್ದೇನೆ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವ ಕಲಾವಿದರ ನಡುವೆ ದೊಡ್ಡ ಬೆನ್ನುಚೀಲ ಹೊತ್ತು ತಿರುಗಿದರೆ ಯಾರದೋ ಕಿರೀಟಕ್ಕೆ ತಾಗುತ್ತದೆ. ಅಲ್ಲಿಗೆ ಹೆಗಲಿಗೆ ಇಳಿಬಿಡುವ ಕ್ಯಾನ್ವಾಸ್ ಚೀಲ, ಒಳಗೆ ಎರಡು ಲೆನ್ಸ್, ಅಷ್ಟೇ. ಈ ಬಗೆಯ ಚೀಲಕ್ಕೆ ಹೆಸರಾದದ್ದು ಡಾಮ್ಕೆ ಎಫ್-2. ಅಮೆರಿಕದ ಫಿಲಡೆಲ್ಫಿಯಾ ಇನ್‌ಕ್ವೈರರ್ ಪತ್ರಿಕೆಯ ಫೋಟೊಗ್ರಾಫರ್ ಜಿಮ್ ಡಾಮ್ಕೆ 1970ರ ದಶಕದಲ್ಲಿ ತಮ್ಮ ಕೆಲಸಕ್ಕೆಂದೇ ರೂಪಿಸಿದ್ದು. ದಪ್ಪ ಫೋಮಿನ ಗೋಡೆಗಳಿಲ್ಲ, ಮೆತ್ತನೆಯ ಬಟ್ಟೆ, ಮೈಗೆ ಅಂಟಿ ಕೂರುತ್ತದೆ, ನೋಡದೆಯೇ ಕೈ ಹಾಕಿದರೆ ಲೆನ್ಸ್ ಸಿಗುತ್ತದೆ. ದಿನವಿಡೀ ಕ್ಯಾಮೆರಾ ಹಿಡಿಯುವವರೇ ಮಾಡಿದ ಚೀಲವೆಂದು ಅದರ ರೂಪವೇ ಹೇಳುತ್ತದೆ. ನನ್ನದು ಸ್ಥಳೀಯ ದರ್ಜಿಯಿಂದ ಹೊಲಿಸಿದ ಕ್ಯಾನ್ವಾಸ್, ಮೂರು ತಾಸಿಗಿಂತ ಹೆಚ್ಚು ಹೊತ್ತರೆ ಒಂದೇ ಹೆಗಲು ನೋಯುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು, ನಾನು ಬೆಲೆ ತೆತ್ತು ಕಲಿತದ್ದು. ಬ್ಯಾಗ್ ಹೊತ್ತೊಯ್ಯುವುದಕ್ಕೆ ಮಾತ್ರ, ಕಾಪಿಡುವುದಕ್ಕಲ್ಲ. ಹಳೆಯ ಬ್ಯಾಗಿನ ಕಾಲದಲ್ಲಿ ಒಂದು ಆಷಾಢವಿಡೀ ಲೆನ್ಸುಗಳನ್ನು ಅದರಲ್ಲೇ ಮುಚ್ಚಿಟ್ಟಿದ್ದೆ. ಶ್ರಾವಣ ಕಳೆದು ತೆಗೆದರೆ 50 ಎಂಎಂ ಲೆನ್ಸಿನ ಒಳಗಾಜಿನ ಮೇಲೆ ಜೇಡರ ಬಲೆಯಂಥ ಬೂಸಲು. ಬೆಂಗಳೂರಿಗೆ ಕಳಿಸಿ ತೊಳೆಸಿದೆ, ಆದರೆ ಅಷ್ಟರಲ್ಲಿ ಅದು ಗಾಜಿನ ಮೇಲಿನ ಲೇಪನವನ್ನು ತಿಂದುಬಿಟ್ಟಿತ್ತು. ಬೆಳಕಿಗೆ ಎದುರಾಗಿ ತೆಗೆದ ಫೋಟೊಗಳಲ್ಲಿ ಈಗಲೂ ಮಂಜು. ಫೋಮ್ ಎಂದರೆ ಸ್ಪಂಜೇ. ಮಳೆಗಾಲದಲ್ಲಿ ನಮ್ಮ ಮನೆಯೊಳಗೂ ಗಾಳಿಯ ತೇವಾಂಶ ಶೇ. 90ರ ಮೇಲಿರುತ್ತದೆ, ಅದನ್ನೆಲ್ಲ ಹೀರಿಕೊಂಡು ಕತ್ತಲಲ್ಲಿ, ಗಾಳಿಯಾಡದಂತೆ ಲೆನ್ಸಿಗೆ ಒತ್ತಿ ಹಿಡಿಯುತ್ತದೆ. ಬೂಸಲಿಗೆ ಬೇಕಾದದ್ದೆಲ್ಲ ಅಲ್ಲಿದೆ. ಈಗ ಮನೆಗೆ ಬಂದ ಕೂಡಲೇ ಸಾಮಾನು ತೆಗೆದು ಒರೆಸಿ, ಗಾಳಿ ಹೋಗದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಒಳಗೊಂದು ತೇವಾಂಶ ಮಾಪಕ. ಮುಳ್ಳು 40ರಿಂದ 50ರ ನಡುವೆ ಇದ್ದರೆ ನೆಮ್ಮದಿ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದನ್ನು ಬಿಸಿಮಾಡಿ ಮತ್ತೆ ನೀಲಿ ಮಾಡಬಹುದು. ಅಡುಗೆಯ ಪಾತ್ರೆಯಲ್ಲಿ ಮಾತ್ರ ಬಿಸಿಮಾಡಬೇಡಿ, ಆ ಬಣ್ಣ ಕೋಬಾಲ್ಟಿನದು, ಹೊಟ್ಟೆಗೆ ಹೋಗಬಾರದು. ಬ್ಯಾಗನ್ನು ಬಾಯಿ ತೆರೆದು, ಡಿವೈಡರ್ ಕಿತ್ತು, ಅಡಿಕೆ ಒಣಗಿಸುವ ಅಟ್ಟದ ಪಕ್ಕ ನೇತುಹಾಕುತ್ತೇನೆ. ಒಮ್ಮೆ ಇಲಿ ಬಂದು ಬೆವರಿನ ಉಪ್ಪು ಕೂತಿದ್ದ ಭುಜದ ಪಟ್ಟಿಯನ್ನು ಕಡಿಯಿತು, ಅಂದಿನಿಂದ ಪಟ್ಟಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಯೇ ತೂಗುಹಾಕುವುದು.

ತಂಗಿಯ ಮಗನ ಹತ್ತಿರ ಇರುವುದು ಒಂದು ಬಾಡಿ, ಅದರ ಜೊತೆಗೇ ಬರುವ ಕಿಟ್ ಲೆನ್ಸ್. ಅವನಿಗೆ ನನ್ನದರಂಥ ಬ್ಯಾಗ್ ಬೇಡವೆಂದೇ ಹೇಳಿದೆ. ಸದ್ಯಕ್ಕೆ ಐನೂರು, ಆರುನೂರು ರೂಪಾಯಿಗೆ ಸಿಗುವ ಫೋಮಿನ ಒಳಪೆಟ್ಟಿಗೆ ತಂದು ಕಾಲೇಜಿಗೆ ಒಯ್ಯುವ ಬ್ಯಾಗಿನೊಳಗೇ ಇಟ್ಟುಕೋ, ದೊಡ್ಡ ಲೆನ್ಸ್ ಕೊಂಡ ದಿನ ಅದನ್ನು ಹಿಡಿದುಕೊಂಡೇ ಅಂಗಡಿಗೆ ಹೋಗೋಣ ಎಂದೆ. ನನ್ನ ಬ್ಯಾಗಿನ ಭುಜದ ಪಟ್ಟಿಯ ಫೋಮ್ ಈ ವರ್ಷ ಚಪ್ಪಟೆಯಾಗಿದೆ. ರನ್ನರ್ ಹಾಕಿಕೊಟ್ಟವರೇ ಹೊಸ ಫೋಮ್ ತುಂಬಿಸಿ ಹೊಲಿದು ಕೊಡುವುದಾಗಿ ಹೇಳಿದ್ದಾರೆ, ಬರುವ ಸೋಮವಾರ ಸಂತೆಗೆ ಹೋಗುವಾಗ ಒಯ್ಯುತ್ತೇನೆ.