ಪಿಸಿಎಲ್-5 ಕನ್ನಡ ಪ್ರಶ್ನಾವಳಿ: ತುಮಕೂರಿನಲ್ಲಿ ಬಹಳ ಕಾಲ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ, ಅಂದರೆ ಪಿಟಿಎಸ್‌ಡಿಯ ಲಕ್ಷಣಗಳನ್ನು ಅಳೆಯುವ ಈ ಪ್ರಶ್ನೆಗಳ ಹಾಳೆ ನನಗೆ ಬೇಕೇ ಬೇಕು. ಆದರೆ ಕೊನೆಯಲ್ಲಿ ಬರುವ ಅಂಕ ಒಂದನ್ನೇ ನೋಡಿ ಯಾರಿಗೂ ಕಾಯಿಲೆಯ ಹೆಸರು ಅಂಟಿಸಬೇಡಿ.

ನಾನು ತುಮಕೂರಿನಲ್ಲಿ ಆಪ್ತಸಮಾಲೋಚಕಿ. ನನ್ನ ಹತ್ತಿರ ಬರುವವರಲ್ಲಿ ಹೈವೇ ಅಪಘಾತದಲ್ಲಿ ಬದುಕಿ ಉಳಿದವರೇ ಜಾಸ್ತಿ. ಅವರಿಗೆ ನಾನು ಕೊಡುವುದು ಪಿಸಿಎಲ್-5ರ ಒಂದು ಕನ್ನಡ ಅನುವಾದ. ಮೂಲ ಹಾಳೆ 2013ರದ್ದು. ಅಮೆರಿಕದ ಮಾಜಿ ಸೈನಿಕರ ಇಲಾಖೆಯಡಿ ಇರುವ ಪಿಟಿಎಸ್‌ಡಿ ಕೇಂದ್ರ ಇದನ್ನು ರೂಪಿಸಿತು. ದುಡ್ಡು ಕೊಡಬೇಕಿಲ್ಲ. 20 ಪ್ರಶ್ನೆ, ಎಲ್ಲವೂ ಕಳೆದ ಒಂದು ತಿಂಗಳ ಬಗ್ಗೆ. ಪ್ರತಿಯೊಂದಕ್ಕೂ 0ರಿಂದ 4ರವರೆಗೆ ಅಂಕ, ಒಟ್ಟು 80. 31ರಿಂದ 33 ದಾಟಿದರೆ ಪಿಟಿಎಸ್‌ಡಿ ಇರಬಹುದು, ಮುಂದೆ ಪರೀಕ್ಷಿಸಿ ಅಂತ ಅರ್ಥ.

ಇದರಿಂದ ಆಗುವ ಉಪಕಾರ ದೊಡ್ಡದು. ತಲೆನೋವು, ಸುಸ್ತು ಅಂತ ಮಾತ್ರ ಹೇಳಿಕೊಂಡು ಬಂದವರು ಸುಲಭವಾಗಿ ಬೆಚ್ಚಿ ಬೀಳುತ್ತೀರಾ ಅನ್ನುವ ಪ್ರಶ್ನೆ ಬಂದಾಗ ತಲೆ ಎತ್ತುತ್ತಾರೆ. "ಇದು ಬೇರೆಯವರಿಗೂ ಆಗುತ್ತಾ ಮೇಡಂ?" ಅಂತ ಕೇಳುತ್ತಾರೆ. ಅಲ್ಲಿಂದ ಮಾತು ಶುರುವಾಗುತ್ತೆ. ಚಿಕಿತ್ಸೆ ನಡೆಯುವಾಗ ಅದೇ ವ್ಯಕ್ತಿಯ ಅಂಕ ಇಳಿಯುತ್ತಿದೆಯಾ ಅಂತ ನೋಡೋಕೂ ಇದು ಚೆನ್ನಾಗಿದೆ. ಎರಡು ಮೂರು ಅಂಕದ ಏರಿಳಿತಕ್ಕೆ ಬೆಲೆ ಕೊಡಬೇಡಿ. ಸುಮಾರು ಹತ್ತು ಹದಿನೈದಾದರೂ ಇಳಿದರೆ ಸುಧಾರಣೆ ಅನ್ನಬಹುದು.

ತೊಂದರೆ ಎಲ್ಲಿದೆ ಅಂತ ನನಗೆ ಸ್ಪಷ್ಟವಾಗಿದ್ದು ಒಬ್ಬ ಲಾರಿ ಡ್ರೈವರ್ ಹಾಳೆಯಿಂದ. ಸಿರಾ ಕಡೆಯ ರಸ್ತೆಯಲ್ಲಿ ಅಪಘಾತ, ಪಕ್ಕದಲ್ಲಿ ಕೂತಿದ್ದ ಕ್ಲೀನರ್ ತೀರಿಕೊಂಡಿದ್ದ. ಕೆಟ್ಟ ಕನಸು, ಎದೆ ಬಡಿತ, ನಿದ್ದೆ, ತನ್ನದೇ ತಪ್ಪು ಅನ್ನುವ ಭಾವನೆ, ಎಲ್ಲಕ್ಕೂ ಮೂರು, ನಾಲ್ಕು. ಒಟ್ಟು ಅಂಕ 40 ದಾಟಿತ್ತು. ಆದರೆ ಅದನ್ನು ನೆನಪಿಸುವ ಜಾಗ, ಸಂದರ್ಭಗಳಿಂದ ದೂರ ಇರುತ್ತೀರಾ ಅನ್ನೋದಕ್ಕೆ ಸೊನ್ನೆ. ಆ ಯೋಚನೆಯನ್ನು ತಳ್ಳಿಹಾಕುತ್ತೀರಾ ಅನ್ನೋದಕ್ಕೂ ಸೊನ್ನೆ. ಯಾಕೆ ಅಂತ ಕೇಳಿದೆ. "ಲಾರಿ ಬಿಟ್ಟರೆ ಮನೇಲಿ ಒಲೆ ಹತ್ತಲ್ಲ. ಅದೇ ರಸ್ತೇಲಿ ಹೋಗಲೇಬೇಕಲ್ವಾ? ಆ ಜಾಗ ಬಂದಾಗ ರೇಡಿಯೋ ಜೋರಾಗಿ ಇಡ್ತೀನಿ" ಅಂದರು. ಆ ರೇಡಿಯೋನೇ ಅವರು ತಪ್ಪಿಸಿಕೊಳ್ಳುವ ದಾರಿ. ಹಾಳೆಗೆ ಅದು ಕಾಣಲಿಲ್ಲ.

ಇದು ಸಣ್ಣ ವಿಷಯ ಅಲ್ಲ. ಒಟ್ಟು ಅಂಕ ನೋಡುವುದಲ್ಲದೆ, ಪ್ರಶ್ನೆಗಳನ್ನು ಲಕ್ಷಣಗಳ ನಾಲ್ಕು ಗುಂಪು ಮಾಡಿ ನೋಡುವ ಇನ್ನೊಂದು ಲೆಕ್ಕವೂ ಇದೆ. ಗುಂಪು ಲೆಕ್ಕದಲ್ಲಿ ನೋಡುವಾಗ ತಪ್ಪಿಸಿಕೊಳ್ಳುವ ಗುಂಪಿನಿಂದ ಕನಿಷ್ಠ ಒಂದು ಪ್ರಶ್ನೆಗಾದರೂ 2 ಅಥವಾ ಹೆಚ್ಚು ಅಂಕ ಬರಬೇಕು. ಆ ಗುಂಪಿನಲ್ಲಿ ಇರುವುದೇ ಎರಡು ಪ್ರಶ್ನೆ. ಎರಡೂ ಸೊನ್ನೆ ಆದರೆ ಒಟ್ಟು ಅಂಕ ಎಷ್ಟೇ ಇದ್ದರೂ ಅವರು ಲೆಕ್ಕದಿಂದ ಹೊರಗೆ. ದುಡಿಮೆಗೆ ಅದೇ ರಸ್ತೆ ಹಿಡಿಯಬೇಕಾದ ಎಷ್ಟು ಜನ ಹೀಗೆ ಬಿಟ್ಟುಹೋಗುತ್ತಿರಬಹುದು!

ಬೈಕ್ ಅಪಘಾತದವರಲ್ಲಿ ಇನ್ನೊಂದು ಗೊಂದಲ. ಘಟನೆಯ ಮುಖ್ಯ ಭಾಗ ನೆನಪಿಗೆ ಬರುತ್ತಿಲ್ಲವಾ ಅನ್ನುವ ಎಂಟನೇ ಪ್ರಶ್ನೆಗೆ ನಾಲ್ಕು ಹಾಕುತ್ತಾರೆ. ಹೆಲ್ಮೆಟ್ ಇಲ್ಲದೆ ತಲೆಗೆ ಪೆಟ್ಟು ಬಿದ್ದಿದ್ದರೆ ನೆನಪು ಹೋಗಿರುವುದು ಆ ಪೆಟ್ಟಿನಿಂದಲೇ ಇರಬಹುದು. ತಲೆಗೆ ಏಟಾಗಿತ್ತಾ ಅಂತ ನಾನು ತಪ್ಪದೆ ಬರೆದಿಡುತ್ತೇನೆ.

ಓದೋಕೆ ಬಾರದವರಿಗೆ ನಾನೇ ಓದಿ ಹೇಳಬೇಕು. ಐದು ಹಂತ ತೋರಿಸೋಕೆ ಐದು ಲೋಟ ಬರೆದಿಟ್ಟಿದ್ದೇನೆ, ಖಾಲಿಯಿಂದ ತುಂಬಿದ್ದರವರೆಗೆ. ಕೆಲಸ ಸಲೀಸಾಗುತ್ತೆ ನಿಜ. ಆದರೆ ತಾನೇ ಓದಿ ಗುರುತು ಹಾಕಿದ್ದೂ, ನನ್ನ ಮುಖ ನೋಡಿಕೊಂಡು ಉತ್ತರ ಕೊಟ್ಟಿದ್ದೂ ಒಂದೇ ಅಂತ ನಾನು ಒಪ್ಪಲ್ಲ. ಗಂಡ ಅಥವಾ ಅತ್ತೆ ಪಕ್ಕದಲ್ಲಿ ಕೂತಿದ್ದರಂತೂ ಅಂಕ ನಂಬೋಕೇ ಆಗಲ್ಲ.

ಅನುವಾದದ ಬಗ್ಗೆ ಕೆಲವರು "ಕನ್ನಡಕ್ಕೆ ಮಾಡಿಸಿ, ವಾಪಸ್ ಇಂಗ್ಲಿಷ್‌ಗೂ ಮಾಡಿಸಿ ನೋಡಿದ್ದೀವಿ, ಸಾಕು" ಅನ್ನುತ್ತಾರೆ. ಸಾಕಾಗಲ್ಲ. ನಮ್ಮ ಜನರ ಜೊತೆ ಕೂತು ಪ್ರತಿ ಪ್ರಶ್ನೆ ಅವರಿಗೆ ಹೇಗೆ ಅರ್ಥವಾಯಿತು ಅಂತ ಕೇಳಬೇಕು. ಒಂದೆರಡು ವಾರ ಬಿಟ್ಟು ಮತ್ತೆ ಕೊಟ್ಟರೆ ಉತ್ತರ ಹತ್ತಿರ ಬರುತ್ತಾ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಾಳೆಯ ಅಂಕ ಗೊತ್ತಿಲ್ಲದ ಪರಿಣತರೊಬ್ಬರು ಪಿಟಿಎಸ್‌ಡಿ ಪತ್ತೆಗೆ ಬಳಸುವ ಸಿಎಪಿಎಸ್-5ನಂಥ ಪೂರ್ತಿ ಸಂದರ್ಶನ ಮಾಡಿ, ಎರಡನ್ನೂ ಹೋಲಿಸಬೇಕು. ನಮ್ಮಲ್ಲಿ ಪಿಟಿಎಸ್‌ಡಿ ಇರಬಹುದು ಅನ್ನುವ ಗೆರೆ 33ಕ್ಕೆ ಬರುತ್ತೋ, 28ಕ್ಕೋ, 40ಕ್ಕೋ, ಆಗ ಹೇಳಬಹುದು. ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆ ಅಂತ ತೋರಿಸುವ ಆಲ್ಫಾ ಅಂಕ ಚೆನ್ನಾಗಿ ಬಂದರೂ ಈ ಗೆರೆ ಸಿಗಲ್ಲ.

ನನ್ನ ರೇಟಿಂಗ್: ಮಾತು ಶುರು ಮಾಡೋಕೆ ಐದಕ್ಕೆ ಐದು. ಒಬ್ಬರ ಸುಧಾರಣೆ ಗಮನಿಸೋಕೆ ನಾಲ್ಕು. ಇದೆ, ಇಲ್ಲ ಅಂತ ತೀರ್ಪು ಕೊಡೋಕೆ ಎರಡು.

ಬಳಸುವವರಿಗೆ ಇನ್ನೊಂದು ಮಾತು. ಈ 20 ಪ್ರಶ್ನೆಗಳಲ್ಲಿ ಸಾಯುವ ಯೋಚನೆಯ ಬಗ್ಗೆ ಒಂದೂ ಇಲ್ಲ. ಅಂಕ ಎಷ್ಟೇ ಕಡಿಮೆ ಇದ್ದರೂ ಅದನ್ನು ಬೇರೆಯಾಗಿ, ನೇರವಾಗಿ ಕೇಳಿ. ಮನೆಗೆ ಕಳಿಸುವಾಗ ಟೆಲಿ-ಮಾನಸ್ ನಂಬರ್ 14416 ಬರೆದುಕೊಡಿ. ರಾತ್ರಿ ಹಗಲು ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ.