ಎರಡು ವರ್ಷ ಬಳಸಿದ ಫೀಡ್ ರೀಡರ್: ಉರ್ದು ತಲೆಬರಹ ಎಲ್ಲಿಂದ ಶುರು?

ಜಾಲತಾಣಗಳು ತಮ್ಮ ಹೊಸ ಬರಹಗಳನ್ನು ಫೀಡ್ ಎಂಬ ಪಟ್ಟಿಯಾಗಿ ಕೊಡುತ್ತವೆ, ಅವನ್ನೆಲ್ಲ ಒಂದೇ ಕಡೆ ತೋರಿಸುವುದು ಫೀಡ್ ರೀಡರ್. ಅಂಥ ಈ ಆ್ಯಪನ್ನು ಎರಡು ವರ್ಷದಿಂದ ದಿನಾ ಬಳಸುತ್ತಿದ್ದೇನೆ. ವರ್ಷಕ್ಕೆ 900 ರೂಪಾಯಿ ಕಟ್ಟುತ್ತೇನೆ, ನಮ್ಮ ಮನೆಗೆ ಅದು ಸಣ್ಣ ಮೊತ್ತವಲ್ಲ.

ನಮ್ಮದು ಕಾಸರಗೋಡು ಜಿಲ್ಲೆಯ ಉಪ್ಪಳ. ಮನೆಮಾತು ಉರ್ದು, ಓದಿದ್ದು ಕನ್ನಡ ಮೀಡಿಯಂ, ಪೇಟೆಗೆ ಹೋದರೆ ಮಲಯಾಳ, ತುಳು. ಹಾಗಾಗಿ ನಮ್ಮ ಫೀಡುಗಳೂ ಮೂರು ಲಿಪಿಯವು. ಬೆಳಗಿನ ನಮಾಜ್ ಮುಗಿಸಿ ಅಬ್ಬಾ ಜಗಲಿಗೆ ಬರುತ್ತಾರೆ. ಚಾ ಲೋಟ ಪಕ್ಕದಲ್ಲಿ, ಟ್ಯಾಬ್ ತೊಡೆಯ ಮೇಲೆ. ಮೊದಲು ಉರ್ದು, ಆಮೇಲೆ ಕನ್ನಡ. ಅಕ್ಷರ ದೊಡ್ಡದು ಮಾಡಿ, ಬೆರಳಿಟ್ಟು ನಿಧಾನ ಓದುತ್ತಾರೆ. ಉರ್ದು ಬರೆಯುವ ನಸ್ತಾಲೀಕ್ ಶೈಲಿಯ ಅಕ್ಷರ ಈ ಆ್ಯಪಿನಲ್ಲಿ ಬರುವಷ್ಟು ಚೆಂದ ನಾನು ಬೇರೆ ಆ್ಯಪಿನಲ್ಲಿ ನೋಡಿಲ್ಲ. ಮೇಲಿನ ಚುಕ್ಕಿ, ಕೆಳಗಿನ ಚುಕ್ಕಿ ಯಾವುದೂ ಕತ್ತರಿಸಿ ಹೋಗುವುದಿಲ್ಲ.

ಕಷ್ಟ ಇರುವುದು ತಲೆಬರಹದಲ್ಲಿ. ಒಂದು ದಿನ ಅಬ್ಬಾ, "ಬೇಟಾ, ಇದು ಎಲ್ಲಿಂದ ಶುರು?" ಎಂದು ಕೇಳಿದರು. ನೋಡಿದೆ. ಮೊದಲ ಪದ ಇಂಗ್ಲಿಷ್ ಅಕ್ಷರದಲ್ಲಿ ಐಪಿಎಲ್, ಉಳಿದದ್ದೆಲ್ಲ ಉರ್ದು. ಉರ್ದು ಬಲದಿಂದ ಎಡಕ್ಕೆ ಸಾಗುವ ಲಿಪಿ, ಓದುವವರ ಕಣ್ಣು ಮೊದಲು ಬಲ ತುದಿಗೆ ಹೋಗುತ್ತದೆ. ಅಲ್ಲಿ ಎರಡನೇ ಪದ ಕೂತಿತ್ತು. ಐಪಿಎಲ್ ಎಡ ತುದಿಯಲ್ಲಿತ್ತು. ಕೊನೆಗೆ ಬರಬೇಕಾದ ಆಶ್ಚರ್ಯಸೂಚಕ ಚಿಹ್ನೆ ಬಲಕ್ಕೆ ಹಾರಿ ಎಲ್ಲಕ್ಕಿಂತ ಮುಂಚೆ ನಿಂತಿತ್ತು. ಉರ್ದುವಿನದೇ ಆದ ಪ್ರಶ್ನೆ ಚಿಹ್ನೆ ಹೀಗೆ ಹಾರುವುದಿಲ್ಲ. ಕಂಪ್ಯೂಟರಿನಲ್ಲಿ ಎಲ್ಲ ಲಿಪಿಗಳ ಅಕ್ಷರಗಳಿಗೆ ಇರುವ ಯೂನಿಕೋಡ್ ಎಂಬ ಮಾನಕ ಅದನ್ನು ಬಲದಿಂದ ಹೋಗುವ ಅಕ್ಷರಗಳ ಜೊತೆಗೇ ಸೇರಿಸಿದೆ.

ಸಿಟ್ಟು ಬಂದು ಕಾರಣ ಹುಡುಕಿದೆ. ಫೀಡ್ ಬರೆಯಲು ಆರ್‌ಎಸ್‌ಎಸ್, ಆ್ಯಟಮ್ ಎಂಬ ನಮೂನೆಗಳಿವೆ. ಆರ್‌ಎಸ್‌ಎಸ್ 2.0 ಫೀಡಿನಲ್ಲಿ ಇಡೀ ಫೀಡಿನ ಭಾಷೆ ಹೇಳಲು ಒಂದು ಟ್ಯಾಗ್ ಇದೆ, ದಿಕ್ಕು ಹೇಳಲು ಜಾಗವೇ ಇಲ್ಲ. 2005ರ ಆ್ಯಟಮ್‌ನಲ್ಲೂ ದಿಕ್ಕಿಗೆ ಜಾಗ ಇಲ್ಲ. ಲೇಖನದ ಒಳಗೆ ಬಳಸುವ ವೆಬ್ ಪುಟದ ಭಾಷೆ ಎಚ್‌ಟಿಎಂಎಲ್‌ನಲ್ಲಿ ದಿಕ್ಕು ಬರೆಯಬಹುದು, ಆದರೆ ತಲೆಬರಹ ಸಾಮಾನ್ಯವಾಗಿ ಬರೀ ಅಕ್ಷರಗಳ ಸಾಲು. ಆ್ಯಪೇ ಊಹಿಸಬೇಕು. ಈ ಆ್ಯಪ್ ಸಾಲಿನ ಮೊದಲ ಅಕ್ಷರ ನೋಡಿ ದಿಕ್ಕು ತೀರ್ಮಾನಿಸುತ್ತದೆ. ಅಬ್ಬಾ ಓದುವ ಫೀಡಿನಲ್ಲಿ ಭಾಷೆ ಉರ್ದು ಅಂತ ಸ್ಪಷ್ಟವಾಗಿಯೇ ಬರೆದಿದೆ. ಅದನ್ನು ಗಮನಿಸಿದ್ದರೆ ಸಾಕಿತ್ತು, ಅಲ್ವಾ?

ಹಣ ಕಟ್ಟುವುದನ್ನೇ ನಿಲ್ಲಿಸೋಣ ಅಂತಿದ್ದೆ. ಆಗ ಸುಮ್ನೆ ಫೀಡಿನ ಹೆಸರನ್ನು ಒತ್ತಿ ಹಿಡಿದೆ. ಬಂದ ಮೆನುವಿನ ತೀರಾ ಕೆಳಗೆ ದಿಕ್ಕು ಬದಲಿಸುವ ಆಯ್ಕೆ ಇತ್ತು! ಬಲದಿಂದ ಎಡಕ್ಕೆ ಮಾಡಿದೆ. ಐಪಿಎಲ್ ಬಲ ತುದಿಗೆ ಬಂತು, ಆಶ್ಚರ್ಯಸೂಚಕ ತನ್ನ ಜಾಗಕ್ಕೆ ಹೋಯಿತು. ಮರುದಿನ ಅಬ್ಬಾ ನನ್ನನ್ನು ಕರೆಯಲೇ ಇಲ್ಲ. ಅವರ ಪಾಡಿಗೆ ಓದುತ್ತಾ ಕೂತಿದ್ದನ್ನು ನೋಡಿ ತುಂಬಾ ಖುಷಿಯಾಯಿತು.

ಊರ ಸುದ್ದಿಯ ಇನ್ನೊಂದು ಫೀಡಿದೆ, ಅದರಲ್ಲಿ ಕನ್ನಡ, ಉರ್ದು ಎರಡೂ ಬರುತ್ತವೆ. ಅದರ ದಿಕ್ಕು ಬದಲಿಸಿದರೆ ಕನ್ನಡ ವಾಕ್ಯದ ಕೊನೆಯ ಚುಕ್ಕಿ ಎಡ ತುದಿಗೆ ಹೋಗಿ ಕೂರುತ್ತದೆ. ಬದಲಿಸದಿದ್ದರೆ ಇಂಗ್ಲಿಷ್ ಪದದಿಂದ ಶುರುವಾಗುವ ಉರ್ದು ತಲೆಬರಹ ಕೆಡುತ್ತದೆ. ಒಂದೊಂದು ತಲೆಬರಹದಲ್ಲೂ ಯಾವ ಲಿಪಿಯ ಅಕ್ಷರ ಜಾಸ್ತಿ ಅಂತ ಎಣಿಸಿ ದಿಕ್ಕು ಕೊಟ್ಟರೆ ನಮ್ಮಂಥವರ ಕಷ್ಟ ಬಹಳ ಕಡಿಮೆಯಾಗುತ್ತದೆ. ಆ್ಯಪ್ ಮಾಡಿದವರಿಗೆ ಎರಡು ಸಲ ಬರೆದೆ, ಉತ್ತರ ಬಂದಿಲ್ಲ.

ಮುಂದಿನ ತಿಂಗಳು ಮತ್ತೆ ಹಣ ಕಟ್ಟಬೇಕು. ಅಬ್ಬಾ ಅವರಿಗೋಸ್ಕರ ಕಟ್ಟುತ್ತೇನೆ, ಆದರೆ ಈ ಸಲ ಮೂರು ತಿಂಗಳಿಗೆ ಮಾತ್ರ.